ಹಡಗಿನ ಅಡುಗೆಯವನೂ ಸೀಫೇರರ್

ಕೇಳುಗರಿಗೆ ನಮಸ್ಕಾರ.

ಮುಂಬಯಿಯ ನಮ್ಮ ಮದುವೆ ಮಾತುಕತೆಗಳಲ್ಲಿ 'ಹುಡುಗ ಶಿಪ್ಪಲ್ಲಿದ್ದಾನೆ' ಅಂದರೆ ಸಾಕು, ಮುಂದಿನ ಪ್ರಶ್ನೆ ಸಂಬಳದ್ದೇ. ಅವನು ಕ್ಯಾಪ್ಟನ್ನೋ, ಇಂಜಿನಿಯರೋ, ಅಡುಗೆಯವನೋ ಅನ್ನೋದು ಆಮೇಲೆ ನಿಧಾನಕ್ಕೆ ತಿಳಿಯುತ್ತದೆ. ಇವರೆಲ್ಲರನ್ನೂ ಒಟ್ಟಿಗೆ ಕರೆಯಲು ಈಗ ಇಂಗ್ಲಿಷಿನಲ್ಲಿ ಬಳಸುವ ಪದ ಸೀಫೇರರ್.

ಸೀ ಅಂದರೆ ಕಡಲು. ಫೇರ್ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಪಯಣ ಹೋಗುವುದು. ಬೆಸ್ಟ್ ಬಸ್ಸಿನಲ್ಲಿ ಕೊಡುವ ಫೇರ್, ಬೀಳ್ಕೊಡುವಾಗ ಹೇಳುವ ಫೇರ್‌ವೆಲ್, ಎರಡಕ್ಕೂ ಬೇರು ಅದೇ. ಸೈಲರ್ ಪದದಲ್ಲಿರುವುದು ಹಾಯಿ. ಈಗಿನ ಹಡಗಿನಲ್ಲಿ ಹಾಯಿ ಎಲ್ಲಿದೆ? ಆದರೂ ಪದ ಉಳಿದಿದೆ. ಸೀಮನ್ ಅನ್ನುವುದು ಮಾತ್ರ ಸುಮ್ನೆ ಬಳಸುವ ಪದವಲ್ಲ, ಅದಕ್ಕೆ ಕಾನೂನಿನ ಬೇಲಿಯೂ ಇತ್ತು. ನಮ್ಮ 1958ರ ಮರ್ಚಂಟ್ ಶಿಪ್ಪಿಂಗ್ ಕಾಯ್ದೆಯ ಪ್ರಕಾರ ಹಡಗಿನ ಸಿಬ್ಬಂದಿಯೆಲ್ಲ ಸೀಮನ್, ಆದರೆ ಮಾಸ್ಟರ್, ಬಂದರಿನೊಳಗೆ ಹಡಗಿಗೆ ದಾರಿ ತೋರಿಸುವ ಪೈಲಟ್, ಅಪ್ರೆಂಟಿಸ್ ಈ ಮೂವರು ಅಲ್ಲ. ಮಾಸ್ಟರ್ ಅಂದರೆ ನಾವು ಹೇಳುವ ಕ್ಯಾಪ್ಟನ್.

ನನಗೆ ಜಾಸ್ತಿ ಕಾಡುವ ಪದ ಇನ್ನೊಂದು: ಲಸ್ಕರ್. ಮೈಸೂರಿನ ಲಷ್ಕರ್ ಮೊಹಲ್ಲಾದ ಲಷ್ಕರೇ ಇದು. ಪಾರ್ಸಿಯಲ್ಲಿ ದಂಡು ಅಂತ ಅರ್ಥ. ಪೋರ್ಚುಗೀಸರ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಬ್ರಿಟಿಷ್ ಹಡಗುಗಳಲ್ಲಿ ದುಡಿಯುವ ಏಷ್ಯಾದ ಆಳಿನ ಹೆಸರಾಯಿತು. ಒಂದೇ ಹಡಗು, ಅದೇ ಹಗ್ಗ, ಅದೇ ಬಿರುಗಾಳಿ. ಬಿಳಿಯ ಸೀಮನ್‌ಗೆ ಒಂದು ಕರಾರು, ಲಸ್ಕರನಿಗೆ ಬೇರೆ ಕರಾರು, ಕೂಲಿಯೂ ಎಷ್ಟೋ ಕಡಿಮೆ. 1906ರ ಬ್ರಿಟಿಷ್ ಕಾನೂನು ಸೀಮನ್ ಮಲಗುವ ಜಾಗವನ್ನು 120 ಘನ ಅಡಿಗೆ ಏರಿಸಿತು. ಲಸ್ಕರನದು 36ರಲ್ಲೇ ನಿಂತಿತು. ಹೆಸರು ಬದಲಾದರೆ ಹಾಸಿಗೆಯೂ ಬದಲಾಗುತ್ತದೆ, ನೋಡಿ.

ಇದನ್ನು ಮುಂಬಯಿಯ ಕಟ್ಟಡಗಳಲ್ಲೇ ನೋಡಬಹುದು. ರೀಗಲ್ ಸಿನಿಮಾದ ಹತ್ತಿರ ಮಹಾರಾಷ್ಟ್ರ ಪೊಲೀಸರ ಮುಖ್ಯ ಕಚೇರಿ ಇದೆಯಲ್ಲ, ಆ ಚೆಂದದ ಕಲ್ಲಿನ ಕಟ್ಟಡ 1876ರಲ್ಲಿ ಸೈಲರ್ಸ್ ಹೋಮ್ ಆಗಿ ಶುರುವಾದದ್ದು. ಉಳಿದುಕೊಳ್ಳುತ್ತಿದ್ದವರು ಹೆಚ್ಚಾಗಿ ಯುರೋಪಿನವರು. ನಮ್ಮವರಿಗೆ ಇಂಡಿಯನ್ ಸೈಲರ್ಸ್ ಹೋಮ್ ಬಂದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ, ಮಸ್ಜಿದ್ ಬಂದರ್ ಕಡೆ. ಆ ಯುದ್ಧದಲ್ಲಿ ಸತ್ತ, ಕಡಲೇ ಗೋರಿಯಾದ 2,000ಕ್ಕೂ ಹೆಚ್ಚು ಮಂದಿಯ ಸ್ಮಾರಕ ಅಲ್ಲಿದೆ. ಸತ್ತ ಮೇಲೆ ಅವರು ಸೈಲರ್ ಆದರು!

ಈ ಬಾನುಲಿ ಮಾತಿನಲ್ಲಿ ಸೀಫೇರರ್ ಪದದ ಪರ ನಾನು ನಿಲ್ಲುವುದು ಇದೇ ಕಾರಣಕ್ಕೆ. 2006ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹಡಗಿನ ದುಡಿಮೆಯ ಬಗ್ಗೆ ಒಂದು ಒಪ್ಪಂದ ಮಾಡಿತು. 2013ರಲ್ಲಿ ಅದು ಜಾರಿಗೆ ಬಂತು, 2015ರಲ್ಲಿ ಭಾರತವೂ ಒಪ್ಪಿತು. ಅದರ ಪ್ರಕಾರ ಹಡಗಿನಲ್ಲಿ ಯಾವ ಕೆಲಸದಲ್ಲಿದ್ದರೂ ಅವರು ಸೀಫೇರರ್. ಕ್ಯಾಪ್ಟನ್, ಎಣ್ಣೆ ಹಾಕುವವನು, ಅಡುಗೆಯವನು, ತಟ್ಟೆ ತೊಳೆಯುವ ಹುಡುಗ, ಎಲ್ಲರೂ. ಕೊರೊನಾ ಕಾಲದಲ್ಲಿ ಇಂಥ 4,00,000 ಮಂದಿ ಕರಾರು ಮುಗಿದರೂ ಮನೆಗೆ ಬರಲಾಗದೆ ಹಡಗಿನಲ್ಲೇ ಉಳಿದಾಗ, ಅವರನ್ನೆಲ್ಲ ಎಣಿಸಿದ್ದು ಈ ಒಂದೇ ಹೆಸರಿನಲ್ಲಿ.

ಹಾಗಂತ ಈ ಪದಕ್ಕೂ ಬೇಲಿ ಇಲ್ಲದಿಲ್ಲ. ಆ ಒಪ್ಪಂದ ಯುದ್ಧನೌಕೆಗೆ ಅನ್ವಯಿಸುವುದಿಲ್ಲ. ಸಾಂಪ್ರದಾಯಿಕ ರೀತಿಯಲ್ಲಿ ಕಟ್ಟಿದ ಹಡಗುಗಳಿಗೂ ಇಲ್ಲ, ಮೀನು ಹಿಡಿಯುವ ಬೋಟಿಗೂ ಇಲ್ಲ. ಅಂದರೆ ಮಂಗಳೂರಿನ ಹಳೆ ಬಂದರಿನಿಂದ ಸರಕು ತುಂಬಿ ಹೊರಡುವ ಮರದ ಮಂಜಿಯವರು ಹೊರಗೆ. ಮುಂಬಯಿಯ ಸಾಸೂನ್ ಡಾಕ್‌ನಿಂದ ಆಳಕಡಲಿಗೆ ಹೋಗುವ ತಾಂಡೇಲ, ಅಂದರೆ ಮೀನು ಬೋಟು ನಡೆಸುವವನೂ ಹೊರಗೆ. ಅವನನ್ನು ಸೀಫೇರರ್ ಅಂದರೆ ನಿಘಂಟು ಒಪ್ಪುತ್ತದೆ, ಒಪ್ಪಂದ ಒಪ್ಪುವುದಿಲ್ಲ. ಮೀನುಗಾರಿಕೆಗೆ 2007ರಲ್ಲಿ ಬೇರೆಯೇ ಒಪ್ಪಂದ ಬರೆದರು. ಅದರಲ್ಲಿ ಅವನ ಹೆಸರು ಫಿಷರ್.

ನಮಸ್ಕಾರ.