ಗಾಜಿನಲ್ಲಿ ಉಳಿದ ಅಜ್ಜಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬೈಯಲ್ಲಿ ಮಳೆ ಹಿಡಿಯಿತೆಂದರೆ ಗೋಡೆಗಳೂ ಬೆವರುತ್ತವೆ. ಅದೇ ಗೋಡೆಗೆ ನಾವು ಅಜ್ಜ ಅಜ್ಜಿಯರ ಫೋಟೊ ತೂಗುಹಾಕಿರುತ್ತೇವೆ. ಮಾಟುಂಗಾ, ಮುಲುಂಡ್, ಡೊಂಬಿವಲಿ, ನಿಮ್ಮ ಮನೆ ಎಲ್ಲಿಯೇ ಇರಲಿ, ನಾನು ಹೇಳಲು ಬಂದಿರುವುದು ಒಂದೇ ಮಾತು. ಹಳೆಯ ಫೋಟೊವನ್ನು ಒರೆಸಬೇಡಿ, ಕೀಳಬೇಡಿ, ಟೇಪು ಅಂಟಿಸಬೇಡಿ. ಮೊದಲು ಇದ್ದ ಹಾಗೆಯೇ ಸ್ಕ್ಯಾನ್ ಮಾಡಿಸಿ. ರಿಪೇರಿ ಆಮೇಲೆ.

ಕಪ್ಪು ಬಿಳುಪು ಫೋಟೊ ಎಂದರೆ ಕಾಗದದ ಮೇಲೆ ಜಿಲೆಟಿನ್ನಿನ ತೆಳು ಪದರ, ಆ ಪದರದೊಳಗೆ ಬೆಳ್ಳಿಯ ಸಣ್ಣ ಸಣ್ಣ ಕಣಗಳು. ಜಿಲೆಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದದ್ದು. ತೇವ ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ. ಬೂಷ್ಟಿಗೆ ಅದು ಊಟ. ಫ್ರೇಮಿನ ಗಾಜಿಗೆ ತಾಗಿಕೊಂಡಿದ್ದರೆ ಅಂಟಿಯೇ ಬಿಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಧೂಳಿನ ಜೊತೆ ಮುಖವೂ ಬಟ್ಟೆಗೆ ಹತ್ತುತ್ತದೆ.

ಒಂದು ಸಂಗತಿ ಹೇಳುತ್ತೇನೆ. ಎರಡು ಮಳೆಗಾಲದ ಹಿಂದೆ ಮಾಟುಂಗಾದ ಅಕ್ಕ ಒಬ್ಬರು ಟವೆಲಿನಲ್ಲಿ ಸುತ್ತಿದ ಫೋಟೊವನ್ನು ರಿಪೇರಿಗೆಂದು ನನ್ನ ಬಳಿ ತಂದರು. ಅವರ ಅಜ್ಜಿ ಮುಂಬೈಗೆ ಹಡಗು ಹತ್ತುವ ಮೊದಲು ಮಂಗಳೂರಿನ ಸ್ಟುಡಿಯೊದಲ್ಲಿ ತೆಗೆಸಿಕೊಂಡ ಚಿತ್ರ. ಅಜ್ಜಿಯದು ಎಂದು ಮನೆಯಲ್ಲಿದ್ದದ್ದು ಅದೊಂದೇ. ಗಾಜಿಗೆ ಅಂಟಿದ್ದನ್ನು ಮಗ ಬಿಡಿಸಲು ಹೋಗಿದ್ದ. ಕಾಗದ ಬಂತು, ಅಜ್ಜಿಯ ಒಂದು ಕೆನ್ನೆ ಮತ್ತು ಮೂಗುತಿ ಬರಲಿಲ್ಲ. ಅಲ್ಲಿ ಬಿಳಿಯ ಕಲೆ.

ಮಗನಿಗೆ ಗಾಬರಿ. ಮೊಬೈಲಿನ ಕೃತಕ ಬುದ್ಧಿಮತ್ತೆಯ ಆ್ಯಪಿಗೆ ಹಾಕಿದ. ಅರ್ಧ ನಿಮಿಷದಲ್ಲಿ ನುಣುಪಾದ ಕೆನ್ನೆ, ಹೊಳೆಯುವ ಕಣ್ಣು ಬಂದವು. ಗಲ್ಲದ ಮಚ್ಚೆ ಹೋಯಿತು, ಮೂಗುತಿ ಮಾಯವಾಯಿತು. ಆ ಅಕ್ಕ ಮೊಬೈಲನ್ನು ನನ್ನ ಮುಂದೆ ಹಿಡಿದು, “ಚೆಂದವಾಗಿದ್ದಾರೆ. ಆದರೆ ಇವರು ಯಾರು?” ಎಂದರು. ಯಂತ್ರಕ್ಕೆ ನಿಮ್ಮ ಅಜ್ಜಿಯ ಪರಿಚಯವಿಲ್ಲ, ಕೇಳುಗರೇ. ಬೇರೆ ಯಾರು ಯಾರದೋ ಸಾವಿರಾರು ಮುಖಗಳಿಂದ ಕಲಿತದ್ದನ್ನು ತಂದು ಮೆತ್ತುತ್ತದೆ. ಇದನ್ನು ಎಷ್ಟು ಜನರಿಗೆ ಹೇಳಿದರೂ ಮತ್ತೆ ಅದನ್ನೇ ಮಾಡಿಕೊಂಡು ಬರುತ್ತಾರೆ!

ನಾನು ಕೇಳಿದ್ದು ಒಂದೇ: “ಅಕ್ಕಾ, ಆ ಗಾಜು ಎಲ್ಲಿದೆ?” ಪುಣ್ಯಕ್ಕೆ ಎಸೆದಿರಲಿಲ್ಲ. ಗುಜರಿಯವನಿಗೆ ಕೊಡಲೆಂದು ಪೇಪರಿನಲ್ಲಿ ಸುತ್ತಿ ಬಾಗಿಲ ಹಿಂದೆ ಇಟ್ಟಿದ್ದರಂತೆ. ಸಂಜೆ ತಂದುಕೊಟ್ಟರು. ಬೆಳಕಿಗೆ ಹಿಡಿದರೆ ಕೆನ್ನೆ ಅಲ್ಲಿಯೇ ಇತ್ತು, ಮೂಗುತಿಯೂ ಇತ್ತು. ಗಾಜಿನ ಹಿಂದೆ ಬಿಳಿ ಕಾಗದ ಇಟ್ಟು ಗಾಜನ್ನೇ ಸ್ಕ್ಯಾನ್ ಮಾಡಿದೆ, ಫೋಟೊವನ್ನು ಬೇರೆಯಾಗಿ ಮಾಡಿದೆ. ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ, ಕೂಡಿದ ಅಂಚಿನ ಬಿರುಕುಗಳನ್ನು ಪಕ್ಕದ ಚರ್ಮದ ಬಣ್ಣ ಎತ್ತಿ ಎತ್ತಿ ಚುಕ್ಕೆ ಚುಕ್ಕೆಯಾಗಿ ತುಂಬಿದೆ. ಮೂರು ಸಂಜೆ ಹಿಡಿಯಿತು. ಕಿವಿಯ ಹತ್ತಿರ ಎರಡರಲ್ಲಿಯೂ ಇಲ್ಲದ ಒಂದು ಚೂರು ಇತ್ತು. ಅದನ್ನು ಮಸುಕಾಗಿಯೇ ಬಿಟ್ಟೆ, ಕಲ್ಪಿಸಿ ಬರೆಯಲಿಲ್ಲ. ಆ ಅಕ್ಕ ಪ್ರಿಂಟು ನೋಡಿ ಮೊದಲು ಬೆರಳಿಟ್ಟದ್ದು ಮಚ್ಚೆಯ ಮೇಲೆ.

ಕೀಳುವ ಮೊದಲೇ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿದ್ದರೆ ಈ ಮೂರು ಸಂಜೆ ಬೇಕಿರಲಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಸ್ಕ್ಯಾನ್.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಸಣ್ಣ ಫೋಟೊಗಳಿಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಇಡಲು ಸ್ಕ್ಯಾನ್ ಮಾಡುವವರಿಗೆ ಹೇಳಿ. ಕಪ್ಪು ಬಿಳುಪಾದರೂ ಬಣ್ಣದಲ್ಲಿಯೇ ಸ್ಕ್ಯಾನ್ ಆಗಲಿ, ಹಳದಿ ಕಲೆಗಳನ್ನು ಬೇರ್ಪಡಿಸಲು ಸುಲಭ. ವಿವರ ಕಳೆಯದೆ ಉಳಿಸುವ ಟಿಫ್ ಎಂಬ ಬಗೆಯ ಫೈಲು ಕೇಳಿ ಪಡೆಯಿರಿ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ವಿವರ ಕಳೆದುಕೊಳ್ಳುತ್ತದೆ. ಆ ಮೊದಲ ಪ್ರತಿಯನ್ನು ಯಾರೂ ತಿದ್ದದಂತೆ ಎರಡು ಕಡೆ ಇಡಿ. 1970-80ರ ಬಣ್ಣದ ಫೋಟೊಗಳು ಕೆಂಪಾಗಿವೆಯೆಂದು ಎಸೆಯಬೇಡಿ. ನೀಲಿ-ಹಸಿರಿನ ಬಣ್ಣ ಮಾಸಿದ್ದರಿಂದ ಹಾಗಾಗಿರುತ್ತದೆ, ಕಂಪ್ಯೂಟರಿನಲ್ಲಿ ಬಹಳಷ್ಟು ಮರಳಿ ತರಬಹುದು. ಆಲ್ಬಂ ನೆನೆದರೆ ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಮುಖ ಮೇಲೆ ಮಾಡಿ ಒಣಗಿಸಿ. ಮತ್ತೆ ಫ್ರೇಮು ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ದಪ್ಪ ಕಾಗದದ ಅಂಚು ಇರಿಸಲು ಹೇಳಿ.

ಮನೆಯ ಹಿರಿಯರನ್ನು ಕೂರಿಸಿಕೊಂಡು ಫೋಟೊದಲ್ಲಿರುವವರು ಯಾರು ಯಾರು ಎಂದು ಕೇಳಿ, ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಿ. ಬಾಲ್‌ಪೆನ್ನು ಬೇಡ, ಒತ್ತು ಮುಂದೆ ಮೂಡುತ್ತದೆ. ಗೋಡೆಯಿಂದ ಇಳಿಸುವಾಗ ಕೆಳಗೆ ಒಬ್ಬರು ಎರಡೂ ಕೈಯಲ್ಲಿ ಹಿಡಿದುಕೊಳ್ಳಲಿ, ಹಳೆಯ ದಾರ ಲಡ್ಡಾಗಿರುತ್ತದೆ.

ನಮಸ್ಕಾರ.