ಗಣಿತದ ಟೀಚರ್ ಫೋನಿನಲ್ಲಿ ಜಿಯೋಜಿಬ್ರಾ: ಎಲ್ಲಿಂದ ಶುರು ಮಾಡೋದು?

[ದೃಶ್ಯ: ಕಪ್ಪು ಹಲಗೆ. ಸೀಮೆಸುಣ್ಣ ಹಿಡಿದ ಕೈ ಒಂದು ತ್ರಿಭುಜ ಬರೆಯುತ್ತದೆ.]

ನಮಸ್ಕಾರ. ಈ ತ್ರಿಭುಜ ನೋಡಿ. ನಾವೆಲ್ಲ ಶಾಲೆಯಲ್ಲಿ ನೋಡಿದ್ದು ಇದನ್ನೇ. ಪಾದ ಕೆಳಗೆ, ತುದಿ ಮೇಲೆ, ಗುಡಿಯ ಗೋಪುರದ ಹಾಗೆ. ಎತ್ತರ ಎಳೆಯಿರಿ ಅಂದರೆ ತುದಿಯಿಂದ ಒಂದು ಗೆರೆ ನೇರವಾಗಿ ಕೆಳಗೆ ಇಳಿಯುತ್ತದೆ. ತ್ರಿಭುಜದ ಒಳಗೇ ಇರುತ್ತದೆ.

ಈಗ ಅದೇ ಮಕ್ಕಳಿಗೆ ಒಂದು ಕಡೆ ವಾಲಿದ ವಿಶಾಲಕೋನ ತ್ರಿಭುಜ, ಅಂದರೆ ಒಂದು ಕೋನ 90 ಡಿಗ್ರಿಗಿಂತ ದೊಡ್ಡದಾಗಿರುವ ತ್ರಿಭುಜ ಕೊಡಿ. ಎತ್ತರ ಎಳೆಯಲು ಹೇಳಿ. ಎಷ್ಟೋ ಮಕ್ಕಳು ಹೇಗಾದರೂ ಮಾಡಿ ಗೆರೆಯನ್ನು ಒಳಗೇ ತುರುಕುತ್ತಾರೆ. ಅದು ಪಾದಕ್ಕೆ ಲಂಬವಾಗಿದೆಯಾ ಅಂತಲೂ ನೋಡುವುದಿಲ್ಲ. ಮಕ್ಕಳನ್ನು ಬೈಯುವಂತಿಲ್ಲ. ಹಲಗೆಯ ಮೇಲೆ ಅವರು ದಿನಾ ನೋಡಿದ್ದು ಒಂದೇ ಬಗೆಯ ತ್ರಿಭುಜ, ಅಲ್ವಾ?

"ಯಾವ ಆ್ಯಪ್ ಕಲಿಯಲಿ?" ಅಂತ ಟೀಚರ್‌ಗಳು ಕೇಳಿದಾಗಲೆಲ್ಲ ನನಗೆ ಈ ತ್ರಿಭುಜ ನೆನಪಾಗುತ್ತದೆ. ನಿಮ್ಮ ಮಕ್ಕಳು ಪ್ರತಿ ವರ್ಷ ಎಡವುವ ಜಾಗ ಯಾವುದು, ಅದನ್ನು ಮೊದಲು ಹೇಳಿ. ಆ್ಯಪ್ ಆಮೇಲೆ ಹುಡುಕೋಣ.

[ಪರದೆಯ ಮೇಲೆ: 2001]

ನಮ್ಮ ಕರ್ನಾಟಕದ ಶಾಲೆಗಳಿಗೆ ಕಂಪ್ಯೂಟರ್ ಹೊಸದೇನಲ್ಲ. 2001ರ ಹೊತ್ತಿಗೆ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಮಾಹಿತಿ ಸಿಂಧು ಯೋಜನೆ ಬಂತು. ಸಾವಿರ ಸರ್ಕಾರಿ ಪ್ರೌಢಶಾಲೆಗಳನ್ನು ಅದಕ್ಕೆ ಆರಿಸಿಕೊಂಡಿದ್ದರು. ಮಕ್ಕಳಿಗೆ ಕಲಿಸಲು ಖಾಸಗಿ ಸಂಸ್ಥೆಗಳ ಬೋಧಕರು ಬಂದರು. ಹೀಗಾಗಿ ಕಂಪ್ಯೂಟರ್ ಅನ್ನೋದು ಬೇರೆಯೇ ಒಂದು ವಿಷಯವಾಗಿ ಉಳಿಯಿತು. ಗಣಿತದ ಪಾಠ ಹಲಗೆಯ ಮೇಲೆ, ಕಂಪ್ಯೂಟರ್ ಪಾಠ ಪಕ್ಕದ ಕೋಣೆಯಲ್ಲಿ.

ಅದೇ ವರ್ಷ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೊಹೆನ್ವಾರ್ಟರ್ ಎಂಬ ವಿದ್ಯಾರ್ಥಿ ಒಂದು ತಂತ್ರಾಂಶ ಬರೆಯಲು ಕೂತರು. ಅದೇ ಜಿಯೋಜಿಬ್ರಾ, ಗಣಿತದ ಆಕೃತಿಗಳನ್ನು ಪರದೆಯ ಮೇಲೆ ಬರೆದು ಎಳೆದು ನೋಡುವ ಆ್ಯಪ್. ಶಾಲೆಗೆ ಪೂರ್ತಿ ಉಚಿತ. ಫೋನಿಗೆ ಒಮ್ಮೆ ಹಾಕಿಕೊಂಡರೆ ಆಮೇಲೆ ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಹಳ್ಳಿ ಶಾಲೆಗಳಿಗೆ ಇದು ತುಂಬಾ ದೊಡ್ಡ ಅನುಕೂಲ.

[ದೃಶ್ಯ: ಫೋನಿನ ಪರದೆ ಹತ್ತಿರದಿಂದ. ಬೆರಳು ಮೂರು ಕಡೆ ಒತ್ತುತ್ತದೆ.]

ಬನ್ನಿ, ಮಾಡಿ ನೋಡೋಣ. ಏಳನೇ ತರಗತಿಯ ತ್ರಿಭುಜದ ಪಾಠ ಅಂದುಕೊಳ್ಳಿ. ಬಹುಭುಜದ ಗುಂಡಿ ಒತ್ತಿ. ಮೂರು ಚುಕ್ಕಿ ಇಟ್ಟು, ಮತ್ತೆ ಮೊದಲ ಚುಕ್ಕಿಯನ್ನು ಮುಟ್ಟಿ. ತ್ರಿಭುಜ ಬಂತು. ಈಗ ಲಂಬರೇಖೆಯ ಗುಂಡಿ. ಮೇಲಿನ ಶೃಂಗ, ಅಂದರೆ ಮೇಲಿನ ಮೂಲೆ ಮುಟ್ಟಿ, ಪಾದ ಮುಟ್ಟಿ. ಗೆರೆ ಬಂತು. ಗೆರೆ ಪಾದವನ್ನು ದಾಟುವ ಜಾಗಕ್ಕೆ ಒಂದು ಚುಕ್ಕಿ ಇಡಿ.

ಈಗ ಮೇಲಿನ ಶೃಂಗವನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಬಲಕ್ಕೆ ಎಳೆಯಿರಿ. ಗೆರೆಯೂ ಜೊತೆಯಲ್ಲೇ ಬರುತ್ತದೆ. ಪಾದದ ತುದಿಗೆ ಬಂತು. ಇಲ್ಲಿ ಸ್ವಲ್ಪ ನಿಲ್ಲಿಸಿ. ಇದು ಲಂಬಕೋನ ತ್ರಿಭುಜ, ಎತ್ತರವೂ ಬಾಹುವೂ ಒಂದೇ ಆಗಿಬಿಟ್ಟಿದೆ. ಇನ್ನೂ ಎಳೆಯಿರಿ.

[ದೃಶ್ಯ: ಗೆರೆ ತ್ರಿಭುಜದ ಹೊರಗೆ ಹೋಗುತ್ತದೆ. ಚುಕ್ಕಿ ಮಾಯ.]

ಚುಕ್ಕಿ ಎಲ್ಲಿ ಹೋಯಿತು?

ಮೊದಲ ಸಲ ಇದನ್ನು ನೋಡಿದಾಗ ಫೋನ್ ಕೆಟ್ಟಿತು ಅಂದುಕೊಂಡೆ. ಆಪ್ ಮುಚ್ಚಿ ಮತ್ತೆ ತೆರೆದೆ. ಮತ್ತೆ ಮಾಯ. ಕೆಟ್ಟಿರಲಿಲ್ಲ. ಪಾದ ಅನ್ನೋದು ಎರಡು ಶೃಂಗಗಳ ನಡುವಿನ ತುಂಡು ಗೆರೆ ಮಾತ್ರ. ಎತ್ತರ ಅದನ್ನು ದಾಟಿ ಹೊರಗೆ ಹೋಗಿದೆ. ಅಲ್ಲಿ ಸೇರಲು ಪಾದವೇ ಇಲ್ಲ. ಹಾಗಾದರೆ ಏನು ಮಾಡಬೇಕು? ಪಾದವನ್ನು ಆಚೆಗೆ ಬೆಳೆಸಬೇಕು. ಎರಡು ಶೃಂಗಗಳ ಮೇಲೆ ಪೂರ್ತಿ ಸರಳರೇಖೆ ಎಳೆದು, ಲಂಬರೇಖೆ ಅದನ್ನು ದಾಟುವ ಜಾಗಕ್ಕೆ ಚುಕ್ಕಿ ಇಡಿ. ಈಗ ಎಷ್ಟು ಎಳೆದರೂ ಚುಕ್ಕಿ ಮಾಯವಾಗುವುದಿಲ್ಲ.

ನೋಡಿ, ಪಾಠ ಇರೋದೇ ಇಲ್ಲಿ. "ಪಾದವನ್ನು ವೃದ್ಧಿಸಿ" ಅಂತ ನಾವು ಹಲಗೆಯ ಮೇಲೆ ಸುಮ್ನೆ ಹೇಳಿಬಿಡುತ್ತೇವೆ. ಮಕ್ಕಳು ಬರೆದುಕೊಳ್ಳುತ್ತಾರೆ. ಯಾಕೆ ವೃದ್ಧಿಸಬೇಕು ಅನ್ನೋದು ಆ ಚುಕ್ಕಿ ಕಳೆದುಹೋದಾಗ ತಾನಾಗಿ ಗೊತ್ತಾಗುತ್ತದೆ. ಅದಕ್ಕೇ ನಾನು ಹೇಳೋದು, ತರಗತಿಗೆ ಹೋಗುವ ಮೊದಲು ಮನೆಯಲ್ಲಿ ಒಮ್ಮೆ ಪೂರ್ತಿ ಮಾಡಿ ನೋಡಿ. ಆದರೆ ತರಗತಿಯಲ್ಲಿ ಆ ಚುಕ್ಕಿಯನ್ನು ಬೇಕಂತಲೇ ಮಾಯವಾಗಲು ಬಿಡಿ. ಉತ್ತರ ಹೇಳಬೇಡಿ. ಎರಡು ನಿಮಿಷ ಕಾಯಿರಿ. ಯಾರಾದರೂ ಒಬ್ಬರು ಖಂಡಿತ "ಆ ಗೆರೆ ಇನ್ನೂ ಉದ್ದ ಮಾಡಿದ್ರೆ?" ಅನ್ನುತ್ತಾರೆ.

ಪ್ರೊಜೆಕ್ಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮಕ್ಕಳನ್ನು ಗುಂಪು ಮಾಡಿ, ಒಂದೇ ಫೋನನ್ನು ಗುಂಪಿನಿಂದ ಗುಂಪಿಗೆ ಕಳಿಸಿ. ಆದರೆ ಎಳೆಯುವ ಬೆರಳು ಮಗುವಿನದಾಗಿರಲಿ. ಟೀಚರ್ ಎಳೆದು ಮಕ್ಕಳು ಸುಮ್ಮನೆ ನೋಡುತ್ತಾ ಕೂತರೆ ಅದೂ ಹಲಗೆಯ ಹಾಗೇ ಆಗುತ್ತದೆ.

[ದೃಶ್ಯ: ಒಂದು ಮೇಜು, ಮೂವರು ಟೀಚರ್‌ಗಳು, ಒಂದು ಲ್ಯಾಪ್‌ಟಾಪ್.]

ಇದನ್ನೆಲ್ಲ ಕಲಿಯೋದು ಹೇಗೆ? ನಾನು ಕೂತಿದ್ದ ಒಂದು ತರಬೇತಿಯಲ್ಲಿ ಒಂದೇ ದಿನ ಹತ್ತಾರು ಆ್ಯಪ್ ತೋರಿಸಿದರು. ಸಂಜೆ ಬಸ್ ಹತ್ತುವಾಗ ಒಂದೂ ನೆನಪಿರಲಿಲ್ಲ. ಅಕ್ಕಪಕ್ಕದ ಶಾಲೆಯ ಮೂವರು ಗಣಿತದ ಟೀಚರ್‌ಗಳು ಒಂದು ಶನಿವಾರ ಮಧ್ಯಾಹ್ನ ಒಂದೇ ಪಾಠ ಇಟ್ಟುಕೊಂಡು ಕೂತರೆ ಅದಕ್ಕಿಂತ ಜಾಸ್ತಿ ಕಲಿಯಬಹುದು.

ಕರ್ನಾಟಕದಲ್ಲಿ ಈ ದಾರಿ ಆಗಲೇ ಇದೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಎಂಬ ಸರ್ಕಾರೇತರ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿದರು. ಪ್ರೌಢಶಾಲೆಯ ಟೀಚರ್‌ಗಳು ತಮ್ಮ ವಿಷಯವನ್ನೇ ಹಿಡಿದು ಕಂಪ್ಯೂಟರ್ ಕಲಿತರು. ಅಲ್ಲಿಂದಲೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ತಾಣವೂ ಬೆಳೆಯಿತು. ಟೀಚರ್‌ಗಳೇ ಬರೆದ ಪಾಠದ ಸಾಮಗ್ರಿ ಕನ್ನಡದಲ್ಲೂ ಅಲ್ಲಿದೆ. ದಿನವೂ ಪಾಠ ಮಾಡುವವರು ಬರೆದದ್ದು ಅನ್ನೋದೇ ನನಗೆ ಅದರಲ್ಲಿ ತುಂಬಾ ಇಷ್ಟ. 2017ರಲ್ಲಿ ಬಂದ ಕೇಂದ್ರ ಸರ್ಕಾರದ ಕಲಿಕೆಯ ಆ್ಯಪ್ ದೀಕ್ಷಾ ನಿಮಗೆ ಗೊತ್ತೇ ಇದೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ವಿಡಿಯೋ ಬರುತ್ತದೆ. ನೋಡಲು ಒಳ್ಳೆಯದು. ಆದರೆ ವಿಡಿಯೋದಲ್ಲಿ ಶೃಂಗವನ್ನು ಎಳೆಯೋಕಾಗುವುದಿಲ್ಲ.

[ದೃಶ್ಯ: ರಟ್ಟು, ಕತ್ತರಿ, ದಾರ, ಸಣ್ಣ ಕಲ್ಲು.]

ಕೊನೆಗೆ ಕರೆಂಟ್ ಮಾತು. ಪಾಠದ ನಡುವೆ ಕರೆಂಟ್ ಹೋಗುತ್ತದೆ, ಫೋನಿನ ಚಾರ್ಜ್ ಮುಗಿಯುತ್ತದೆ. ಇದನ್ನು ಕೈಯಲ್ಲಿ ಇಟ್ಟುಕೊಳ್ಳಿ. ರಟ್ಟಿನಲ್ಲಿ ಒಂದು ವಿಶಾಲಕೋನ ತ್ರಿಭುಜ ಕತ್ತರಿಸಿ. ಮೇಲಿನ ಶೃಂಗಕ್ಕೆ ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲು ಕಟ್ಟಿ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಅಂತ ನೋಡಲು ಇಳಿಬಿಡುತ್ತಾರಲ್ಲ, ಹಾಗೇ. ವಿಶಾಲಕೋನ ಪಾದದ ಒಂದು ತುದಿಯಲ್ಲಿರಲಿ, ಪಾದ ಕೆಳಗೆ ಮಟ್ಟವಾಗಿ ಇರುವಂತೆ ಹಿಡಿಯಿರಿ.

ದಾರ ತ್ರಿಭುಜದ ಹೊರಗೆ ತೂಗುತ್ತದೆ. ಹಿಂದಿನ ಬೆಂಚಿನ ಹುಡುಗನನ್ನು ಕರೆದು ಆ ರಟ್ಟನ್ನು ಅವನ ಕೈಗೆ ಕೊಡಿ.