ಬಯಲು ಕಳ್ಕೊಂಡ ಎರಿಕಾ ವಾಪಸ್ ಬಂದ ಕಥೆ

ಎಲ್ರಿಗೂ ನಮಸ್ಕಾರ. ಇವತ್ತು ನಾನು ಮಾತಾಡೋದು ಒಂದೇ ಒಂದು ಗಿಡದ ಬಗ್ಗೆ. ಎರಿಕಾ ವರ್ಟಿಸಿಲಾಟಾ ಅಂತ ಹೆಸರು, ಹೀತ್ ಜಾತಿಯ ಪೊದೆ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ಗೆ ಅಂಟ್ಕೊಂಡ ಹಾಗೆ ಕೇಪ್ ಫ್ಲಾಟ್ಸ್ ಅಂತ ಒಂದು ಮರಳು ಬಯಲಿದೆ, ಅದು ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇದು ತಾನಾಗೇ ಹುಟ್ತಿರ್ಲಿಲ್ಲ. 20ನೇ ಶತಮಾನ ಶುರುವಾದ ಸ್ವಲ್ಪ ವರ್ಷಕ್ಕೆ ಅಲ್ಲಿಂದಲೂ ಕಾಣೆಯಾಯ್ತು.

ಈ ಫೋಟೋ ನೋಡಿ. ಎಲೆ ಸೂಜಿ ಥರ ಸಣ್ಣಗಿದೆ. ಹೂವು ನೋಡಿ, ಕೈಗೆ ಬಳೆ ತೊಡಿಸಿದ ಹಾಗೆ ಕಡ್ಡಿ ಸುತ್ತ ಒಂದು ಸುತ್ತು, ಸ್ವಲ್ಪ ಜಾಗ ಬಿಟ್ಟು ಇನ್ನೊಂದು ಸುತ್ತು. ವರ್ಟಿಸಿಲಾಟಾ ಅನ್ನೋ ಹೆಸರಿನ ಅರ್ಥವೂ ಅದೇ, ಸುತ್ತು ಸುತ್ತಾಗಿರೋದು. ಒಂದೊಂದು ಹೂವೂ ನೇರಳೆ ಬೆರೆತ ಗುಲಾಬಿ ಬಣ್ಣದ ಉದ್ದ ಕೊಳವೆ, ತುದೀಲಿ ನಾಲ್ಕು ಪುಟ್ಟ ಎಸಳು, ಒಳಗೆ ಎಂಟು ಕೇಸರ. ಈ ಕೊಳವೆ ಸೂರಕ್ಕಿಗೆ ಅಂತಲೇ ಇರೋದು, ಹಕ್ಕಿ ಕಡ್ಡಿ ಮೇಲೆ ಕೂತು ಕೊಕ್ಕು ಇಳಿಸಿ ಮಕರಂದ ಕುಡೀಬೇಕಾದ್ರೆ ಪರಾಗ ಅದರ ತಲೆಗೆ ಮೆತ್ಕೊಳ್ಳುತ್ತೆ.

ಇನ್ನು ಮಣ್ಣು. ಇದಕ್ಕೆ ಬೇಕಾಗಿರೋದು ಸತ್ವ ಇಲ್ಲದ ಹುಳಿ ಮರಳು, ಅದ್ರಲ್ಲೂ ಚಳಿಗಾಲದ ಮಳೇಲಿ ನೆನೆದು ತೇವವಾಗಿರೋ ತಗ್ಗು ಜಾಗ. ಗೊಬ್ಬರ ಹಾಕಿದ್ರೆ ಯಾವ ಗಿಡವಾದ್ರೂ ಚೆನ್ನಾಗಿ ಬರುತ್ತೆ ಅಂತ ನಾವು ಅನ್ಕೊಂಡಿರ್ತೀವಲ್ಲ, ಎರಿಕಾಗೆ ಅದು ನಡೆಯಲ್ಲ, ಇದರ ಬೇರು ಕೂದಲಿನ ಥರ ತೆಳು, ಬೇರಿನ ಒಳಗೇ ಶಿಲೀಂಧ್ರ ಮನೆ ಮಾಡ್ಕೊಂಡು ಆ ಬಡ ಮರಳಿಂದ ಆಹಾರ ಹೆಕ್ಕಿ ಕೊಡುತ್ತೆ. ಅಂಥ ಜಾಗದ ಮೇಲೇ ಕೇಪ್ ಟೌನ್ ಬೆಳೀತು. ಹಾರೋ ಮರಳು ತಡೆಯೋಕೆ 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ಅಕೇಶಿಯಾ ತಂದು ನೆಟ್ರು, ಅದು ಸಿಕ್ಕಿದ ಕಡೆಯೆಲ್ಲಾ ಹಬ್ಬಿತು. ಆಮೇಲೆ ಬಡಾವಣೆ, ರೋಡು.

ಹಾಗಾದ್ರೆ ಫೋಟೋ ಎಲ್ಲಿಂದ ಬಂತು ಅಂತ ಕೇಳ್ತೀರಿ. ಒಂದು ಕಾಲದಲ್ಲಿ ಯುರೋಪಿನವರಿಗೆ ಕೇಪ್‌ನ ಎರಿಕಾ ಅಂದ್ರೆ ಹುಚ್ಚು. 1772ರಲ್ಲಿ ಲಂಡನ್ನಿನ ಕ್ಯೂ ಗಾರ್ಡನ್ ಸಸ್ಯೋದ್ಯಾನದವರು ಫ್ರಾನ್ಸಿಸ್ ಮ್ಯಾಸನ್ ಅನ್ನೋರನ್ನ ಗಿಡ ಹುಡುಕೋಕೆ ಅಲ್ಲಿಗೆ ಕಳಿಸಿದ್ರು, 1786ರಲ್ಲಿ ವಿಯೆನ್ನಾದ ಶೋನ್‌ಬ್ರುನ್ ಅರಮನೆ ತೋಟದಿಂದ ಬೋಸ್, ಶೋಲ್ ಅನ್ನೋ ಇಬ್ಬರು ಹೋದ್ರು. ಹೀಗೆ ಹಡಗು ಹತ್ತಿದ ಗಿಡಗಳಲ್ಲಿ ಕೆಲವು ಗಾಜಿನ ಮನೆಗಳಲ್ಲಿ ಉಳ್ಕೊಂಡ್ವು. ತಾಯ್ನಾಡಲ್ಲಿ ಎಲ್ಲೂ ಇಲ್ಲ ಅನ್ಕೊಂಡಿದ್ದಾಗ 1984ರಲ್ಲಿ ಪ್ರಿಟೋರಿಯಾದ ಪ್ರೋಟಿಯಾ ಪಾರ್ಕ್‌ನಲ್ಲಿ ಈ ಗಿಡ ಸಿಕ್ತು. ಪ್ರಿಟೋರಿಯಾ ಅಂದ್ರೆ ಕೇಪ್ ಟೌನಿಂದ ಸಾವಿರ ಕಿಲೋಮೀಟರ್‌ಗಿಂತ ದೂರ, ಮಳೆ ಬರೋ ಕಾಲವೂ ಬೇರೆ! ಅಲ್ಲಿಂದ ಕಡ್ಡಿ ತಂದು ಕೇಪ್ ಟೌನಿನ ಕಿರ್ಸ್ಟನ್‌ಬಾಷ್ ಸಸ್ಯೋದ್ಯಾನದಲ್ಲಿ ಬೇರು ಬರಿಸಿದ್ರು. ಮುಂದೆ ಕ್ಯೂನಿಂದಲೂ, ವಿಯೆನ್ನಾದ ಬೆಲ್ವೆಡೇರ್ ಅರಮನೆ ತೋಟದಿಂದಲೂ ಗಿಡ ಬಂತು.

ನಾನು ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಗಿಡ ಸಿಕ್ತು ಅಂದ ತಕ್ಷಣ ಎಲ್ರೂ ಸಂತೋಷಪಟ್ಟು ಎದ್ದು ಹೋಗ್ತಾರೆ. ಕಡ್ಡಿ ನೆಟ್ಟು ಬರಿಸಿದ ಗಿಡ ತಾಯಿ ಗಿಡದ ನಕಲು ಅಷ್ಟೇ. ಒಂದು ಕಡ್ಡಿಯಿಂದ ಸಾವಿರ ಗಿಡ ಮಾಡಿದ್ರೂ ಲೆಕ್ಕದಲ್ಲಿ ಅದು ಒಂದೇ ಗಿಡ, ಒಂದು ರೋಗ ಬಂದ್ರೆ ಎಲ್ಲಕ್ಕೂ ಒಟ್ಟಿಗೇ. ಒಳ್ಳೆ ಬೀಜ ಕಟ್ಬೇಕು ಅಂದ್ರೆ ಬೇರೆ ತಾಯಿಯ ಗಿಡ ಪಕ್ಕದಲ್ಲಿರ್ಬೇಕು. ಅದಕ್ಕೇ ವಿಯೆನ್ನಾದ್ದು, ಪ್ರಿಟೋರಿಯಾದ್ದು, ಕ್ಯೂನದ್ದು ಅಂತ ಒಂದೊಂದನ್ನೂ ಬೇರೆ ಬೇರೆ ಗುರುತಿಟ್ಟು ಬೆಳೆಸೋದು. ಕಿರ್ಸ್ಟನ್‌ಬಾಷ್‌ನ ಆಂಥನಿ ಹಿಚ್‌ಕಾಕ್ ಅವರು ಈ ಕೆಲಸಕ್ಕೆ ವರ್ಷಗಟ್ಟಲೆ ದುಡಿದ್ರು, ಅವರ ಬಗ್ಗೆ ನನಗೆ ತುಂಬಾ ಗೌರವ ಇದೆ.

1994ರಲ್ಲಿ ಕೇಪ್ ಫ್ಲಾಟ್ಸ್‌ನಲ್ಲೇ ರೊಂಡೆವ್ಲೇ ಅನ್ನೋ ರಕ್ಷಿತ ಜಾಗದಲ್ಲಿ ಮೊದಲು ನೆಟ್ರು. ಎತ್ತರದ ಒಣ ಮರಳಲ್ಲಿದ್ದವು ನಿಲ್ಲಲಿಲ್ಲ, ತೇವದ ಅಂಚಲ್ಲಿದ್ದವು ನಿಂತ್ವು. ಆಮೇಲೆ ಕೇಪ್ ಟೌನಿನ ಕೆನಿಲ್ವರ್ತ್ ರೇಸ್ ಕೋರ್ಸಲ್ಲೂ ನೆಟ್ರು. ಕುದುರೆ ಓಡೋ ಟ್ರ್ಯಾಕ್‌ನ ಒಳಗಿನ ಬಯಲಲ್ಲಿ ನೂರು ವರ್ಷದಿಂದ ಯಾರೂ ಮನೆ ಕಟ್ಟಿಲ್ಲ, ಹಳೇ ಮರಳು, ಹಳೇ ನೀರು ಹಾಗೇ ಇದೆ, ಸುತ್ತಲೂ ಊರು.

ಇನ್ನೊಂದು ವಿಷಯ ಬೆಂಕಿ. ಈ ಪೊದೆಕಾಡಿಗೆ ಫೈನ್‌ಬಾಸ್ ಅಂತಾರೆ, ಆಗಾಗ ಸುಟ್ಟು ಮತ್ತೆ ಚಿಗುರೋದೇ ಇದರ ಬದುಕು. ಎರಿಕಾ ಬೀಜ ಪುಡಿ ಥರ, ಅಂಗೈಲಿಟ್ಟು ಉಸಿರು ಬಿಟ್ರೂ ಹಾರಿಹೋಗುತ್ತೆ. ಈ ಕಾಡಿನ ಎಷ್ಟೋ ಬೀಜಗಳನ್ನ ಎಬ್ಬಿಸೋದು ಹೊಗೆ, ಇದನ್ನ 1990ರಲ್ಲಿ ಡಿ ಲಾಂಗೆ, ಬೌಷರ್ ಅನ್ನೋ ಇಬ್ಬರು ಇಲ್ಲಿನ ಒಂದು ಗಿಡದಲ್ಲಿ ಮೊದಲು ತೋರಿಸಿದ್ರು. ಅಲ್ಲಿಂದ ನರ್ಸರೀಲಿ ಟೆಂಟ್ ಹಾಕಿ ಬೀಜದ ಟ್ರೇಗಳಿಗೆ ಹೊಗೆ ಕೊಡೋದು ಶುರುವಾಯ್ತು. ಈಗ ಹೊಗೆ ಹೀರಿದ ಕಾಗದದ ಬಿಲ್ಲೆ ಬರುತ್ತೆ, ನೀರಿಗೆ ಹಾಕಿ ಬೀಜ ನೆನೆಸಿಟ್ರೆ ಸಾಕು, ಮೂಗಿಗೆ ಹಿಡಿದ್ರೆ ಒಲೆ ಮುಂದೆ ಕೂತ ಹಾಗಿರುತ್ತೆ.

ಅಳಿವಿನಂಚಿನ ಜೀವಿಗಳ ಪಟ್ಟಿ ಇದೆಯಲ್ಲ, ಆ ರೆಡ್ ಲಿಸ್ಟಲ್ಲಿ ಇದು ಕಾಡಿನಲ್ಲಿ ನಿರ್ನಾಮ ಆದ ಗಿಡ ಅಂತಲೇ ಇದೆ. ನೆಟ್ಟ ಗಿಡ ಬದುಕಿದ್ರೆ ಆ ಹೆಸರು ಹೋಗಲ್ಲ, ಅದರ ಬೀಜ ಬಿದ್ದು, ಮೊಳೆತು, ಆ ಮರಿ ಗಿಡ ಮತ್ತೆ ಬೀಜ ಬಿಡ್ಬೇಕು.

ಕೊನೇ ಸ್ಲೈಡ್ ಇದು. ಸೂರಕ್ಕಿ ಕಡ್ಡಿ ಹಿಡ್ಕೊಂಡು ತಲೆ ಬಗ್ಗಿಸಿದೆ, ಕೊಕ್ಕು ಪೂರ್ತಿ ಹೂವಿನೊಳಗಿದೆ. ಹಿಂದೆ ಕಾಣ್ತಿರೋ ಪೊದೆಯೂ ಎರಿಕಾನೇ, ಆದ್ರೆ ಅದು ಬೇರೆ ತಾಯಿದು.